ಚೌಕಳಿ ಚೀಲದ ಕೊಬ್ಬರಿ

ತಿಪಟೂರು
22 ಮಾರ್ಚ್ 2024

ಪ್ರೀತಿಯ ಫರ್ಹಾ,

ನಸುಕಿಗೆ ರಂಜಾನಿನ ಸಹರಿ ಊಟ ಮುಗಿಸಿ ಸ್ವಲ್ಪ ಒರಗಿದೆ ನೋಡು, ಕೆಟ್ಟ ಕನಸು ಬಿತ್ತು. ವಿಮಾನದೊಳಗೆ ನಮ್ಮ ಹೊಲಿಗೆ ಮಿಷನ್ನು ಇತ್ತು. ನಾನು ಪೆಡಲು ತುಳಿದರೆ ವಿಮಾನ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ನನ್ನ ಹಿಂದೆ ನಿನ್ನ ಗೆಳೆಯ ಮಾಲತೇಶ ಕೊಬ್ಬರಿ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಅಮ್ಮೀ, ಈ ಚೀಲದಾಗ ಏನು ಹಾಕೀರಿ, ಬಿಸಿ ಆಗಾಕತ್ತೈತಿ" ಎಂದ. ತಿರುಗಿ ನೋಡಿದರೆ ಚೀಲದ ಬಾಯಿಂದ ಹೊಗೆ. ಏಳೋಣವೆಂದರೆ ಕಾಲು ಪೆಡಲಿನ ಮೇಲಿದೆ, ಬಿಟ್ಟರೆ ವಿಮಾನ ಬೀಳುತ್ತದೆ. ಚೀರಿಕೊಂಡು ಎದ್ದೆ. ನಿನ್ನ ಅಬ್ಬಾ ಗಾಬರಿಯಿಂದ, "ಏನೇ, ಕರೆಂಟ್ ಹೊಡೀತಾ?" ಎಂದರು. ವರ್ಕ್‌ಶಾಪಿನಲ್ಲಿ ಲಾರಿ ಬಿಚ್ಚುವವರಿಗೆ ಬೇರೆ ಏನು ಹೊಳೆಯುತ್ತದೆ.

ಫೋನಿರುವಾಗ ಈ ಕಾಗದ ಯಾಕೆ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಶುರು ಮಾಡಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಗುವಾಹಟಿಯಲ್ಲಿ ನನ್ನ ಚಿಂತೆಗೆ ಮಾತ್ರ ಸಿಗ್ನಲ್ ಇಲ್ಲ, ನಿನ್ನ ಅಬ್ಬಾ ಜೊತೆ ಕ್ರಿಕೆಟ್ ಮಾತಾಡಲು ಇದೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನನ್ನ ಅಕ್ಷರ ನೋಡಿ ನಗಬೇಡ. ಆದರೆ ಪೂರ್ತಿ ಓದು.

ವಿಮಾನ ಬಿದ್ದು ಮಾಲತೇಶ ಹೋಗಿ ಎರಡು ವಾರವಾಯಿತು. ಜನವರಿಯಲ್ಲಿ ನೀವಿಬ್ಬರೂ ಬೆಂಗಳೂರಿನಲ್ಲಿ ಪೈಲಟುಗಳ ಆರೋಗ್ಯ ತಪಾಸಣೆ ಮುಗಿಸಿ ನಮ್ಮ ಮನೆಗೆ ಬಂದಿದ್ದಿರಿ. ವಾಪಸು ರೈಲಿನಲ್ಲಿ ಹೊರಟಾಗ ನಾನು ಅವನ ತಾಯಿಗೆ ಅಂತ ಒಂದು ಚೀಲ ಉಂಡೆ ಕೊಬ್ಬರಿ ಕೊಟ್ಟೆ. ಸ್ಕೂಲ್ ಯೂನಿಫಾರ್ಮಿನ ಉಳಿದ ಬಟ್ಟೆ, ನೀಲಿ ಬಿಳಿ ಚೌಕಳಿ, ನಾನೇ ಹೊಲಿದದ್ದು. ಮಾರ್ಚಿನಲ್ಲಿ ರಜೆಗೆ ಊರಿಗೆ ಹೋಗುವಾಗ ಒಯ್ಯುತ್ತೇನೆ ಅಂದಿದ್ದ. ನೀನೇ ಹೇಳಿದೆಯಲ್ಲ, ಅವತ್ತು ಗುಡ್ಡದ ಮೇಲಿನ ಊರಿಗೆ ಔಷಧಿ ಇಳಿಸಿ, ವಿಮಾನ ಕೋಲ್ಕತ್ತದಲ್ಲಿ ಒಪ್ಪಿಸಿ, ಅಲ್ಲಿಂದಲೇ ಊರಿಗೆ ಹೊರಡುವವನಿದ್ದ ಅಂತ. ಹಾಗಾದರೆ ಸಾಮಾನೆಲ್ಲ ವಿಮಾನದಲ್ಲೇ ಇರಬೇಕಲ್ಲ?

ನಿನ್ನೆ ಪಕ್ಕದ ಮನೆ ಸಿದ್ದಕ್ಕ ಕೊಬ್ಬರಿ ಗೋಡೌನಿನ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಕೂತು ಹೇಳಿದಳು:

"ಅಲ್ಲ ಕಣೇ ಫಾಮಿದಾ, ನಮ್ಮ ಹುಡ್ಗ ಯೋಗೀಶ ಡೆಲ್ಲಿಗೆ ಹೋಗೋವಾಗ ಏರ್‌ಪೋರ್ಟ್‌ನಾಗೆ ಬ್ಯಾಗ್ ಬಿಚ್ಚಿಸಿ ಕೊಬ್ಬರಿ ಎಲ್ಲಾ ತೆಗೆಸ್ಬುಟ್ರಂತೆ."

"ಯಾಕಕ್ಕ? ಕೊಬ್ಬರಿ ಏನು ಬಾಂಬಾ?"

"ಎಣ್ಣೆ ಪದಾರ್ಥ ಅಲ್ವೇನೇ. ಶಾಖಕ್ಕೆ ತಾನೇ ಹತ್ಕೊಂಬುಡ್ತದಂತೆ. ವಿಮಾನಕ್ಕೆ ಆಗಕಿಲ್ವಂತೆ."

ಅವಳು ಟೀ ಕುಡಿದು ಎದ್ದು ಹೋದಳು. ನಾನು ಅಲ್ಲೇ ಕೂತೆ. ಆ ಚೀಲ ವಿಮಾನದಲ್ಲಿತ್ತೇ ಫರ್ಹಾ? ಅಷ್ಟು ಹೇಳು. ಇತ್ತು ಅಂದರೂ ಹೇಳು.

ನಿನ್ನ ಅಮ್ಮಿ,
ಫಾಮಿದಾ

ತಾ.ಕ: ವಿಮಾನ ಹತ್ತುವಾಗ ಆಯತುಲ್ ಕುರ್ಸಿ ಓದುತ್ತೀಯ ತಾನೇ? ಮನಸ್ಸಿನಲ್ಲಿ ಓದಿದರೂ ಸಾಕು.

•

ಗುವಾಹಟಿ
2 ಏಪ್ರಿಲ್ 2024

ಅಮ್ಮೀ,

ನಿನ್ನ ಅಕ್ಷರ ನೋಡಿ ನಗಲಿಲ್ಲ. ಪೆಡಲು ತುಳಿದು ವಿಮಾನ ಹಾರಿಸಿದ್ದಕ್ಕೆ ಮಾತ್ರ ನಕ್ಕೆ. ತುಂಬ ದಿನದ ಮೇಲೆ ನಕ್ಕಿದ್ದು. ಸಹರಿಯಲ್ಲಿ ಅಷ್ಟೊಂದು ಖೀಮಾ ತಿನ್ನಬೇಡ, ಕನಸು ಅಲ್ಲಿಂದಲೇ ಬರುವುದು.

ಮೊದಲು ನಿನ್ನ ಪ್ರಶ್ನೆ. ಚೀಲ ಅವನ ಜೊತೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಕೋಣೆಯನ್ನು ಕಂಪನಿಯವರು ಖಾಲಿ ಮಾಡಿಸಿದಾಗ ನಾನಿದ್ದೆ, ಅಲ್ಲಿ ಚೀಲ ಕಾಣಲಿಲ್ಲ. ಆದರೆ ಒಂದು ಚೀಲ ಕೊಬ್ಬರಿಯಿಂದ ವಿಮಾನ ಬೀಳುವುದಿಲ್ಲ. ಮಳೆಮೋಡ, ಎರಡು ಗುಡ್ಡಗಳ ಮಧ್ಯೆ ಇಕ್ಕಟ್ಟಿನ ಜಾಗ. ತನಿಖೆಯವರು ಬಂದು ಹೋಗಿದ್ದಾರೆ. ಅವರ ವರದಿಗೆ ವರ್ಷವಾಗುತ್ತದೆ. ಅಲ್ಲಿಯವರೆಗೆ ನೀನು ವರದಿ ಬರೆಯಬೇಡ.

ಪೇಪರಿನಲ್ಲಿ ನಾಲ್ಕು ಸಾಲು ಬಂದಿತ್ತು, ನೋಡಿದೆಯಾ? "ಪ್ರಯಾಣಿಕರು ಯಾರೂ ಇರಲಿಲ್ಲ" ಎಂದು ಸಮಾಧಾನದಿಂದ ಬರೆದಿದ್ದರು. ನಮ್ಮ ಸರಕು ವಿಮಾನದ ಕೆಲಸವೇ ಹಾಗೆ. ನಮ್ಮ ಹಿಂದೆ ಕೂತವರು ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಕೂಗುವುದೂ ಇಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ಕಳಿಸಿದವರು ಬರೆದಿದ್ದನ್ನು ನಂಬಿ ಹಾರುತ್ತೇವೆ. ಆಟದ ಸಾಮಾನು ಅಂತ ಬರೆದು ಬ್ಯಾಟರಿ ಕಳಿಸುವವರಿದ್ದಾರೆ. ಮಾಲತೇಶ ಅನುಮಾನ ಬಂದ ಪೆಟ್ಟಿಗೆಯನ್ನು ಮೂಸಿ ನೋಡುತ್ತಿದ್ದ. ಲೋಡರುಗಳು ಅವನನ್ನು ಬೆಕ್ಕು ಅಂತ ಕರೆಯುತ್ತಿದ್ದರು.

ಇದನ್ನು ನಿನಗೆ ಹೇಳಿದ್ದೆನೋ ಇಲ್ಲವೋ. ಒಂದು ಸಲ ಅವನು ಕೋಳಿಮರಿಗಳ ಲೋಡು ಒಯ್ಯುತ್ತಿದ್ದ, ಹುಟ್ಟಿ ಒಂದು ದಿನವಾದವು. ನಮ್ಮ ಸಣ್ಣ ವಿಮಾನದಲ್ಲಿ ಪೈಲಟ್ ಒಬ್ಬನೇ. ಒಂದು ಮರಿ ಹೇಗೋ ತಪ್ಪಿಸಿಕೊಂಡು ಮುಂದೆ ಬಂದು ಅವನ ಬೂಟಿನ ಮೇಲೆ ಕೂತು ಚಿಯಾಂ ಚಿಯಾಂ ಎನ್ನುತ್ತಿತ್ತಂತೆ. ರೇಡಿಯೋದಲ್ಲಿ ಕಂಟ್ರೋಲಿನವರು, ಅದೇನು ಶಬ್ದ ಎಂದು ಕೇಳಿದರು. "ನನ್ನ ಕೋ-ಪೈಲಟ್. ಹೊಸಬ, ಸ್ವಲ್ಪ ಹೆದರಿದಾನ" ಎಂದನಂತೆ ಇವನು. ಅವತ್ತಿನಿಂದ ಕಂಟ್ರೋಲಿನವರು ಇವನ ಧ್ವನಿ ಕೇಳಿದರೆ ಮೊದಲು ಕೋ-ಪೈಲಟ್ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ಅವನು ಹೋದ ಮಾರನೇ ದಿನ ಅವರಲ್ಲೊಬ್ಬರು ನಮ್ಮ ಹಾಸ್ಟೆಲಿಗೆ ಬಂದು, ನಮ್ಮ ಜೊತೆ ಕೂತು ಟೀ ಕುಡಿದು ಹೋದರು.

ನಾನು ಚೆನ್ನಾಗಿದ್ದೇನೆ. ಬದನೆಕಾಯಿ ಎಣ್ಣೆಗಾಯಿ ಮಾಡುವುದು ಕಲಿತೆ. ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದೆ. ಎರಡು ಮೊಟ್ಟೆ.

ಅಬ್ಬಾಗೆ ಸಲಾಮು.

ಫರ್ಹಾ

•

ತಿಪಟೂರು
14 ಏಪ್ರಿಲ್ 2024

ಪ್ರೀತಿಯ ಫರ್ಹಾ,

ಈದ್ ಮುಬಾರಕ್, ಕಾಗದದಲ್ಲೂ ಒಂದು ಸಲ. ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ಮಾಡಿದೆ, ಕೊಬ್ಬರಿ ಹಾಕಲಿಲ್ಲ. ಕೈಗೆ ತೆಗೆದುಕೊಂಡೆ, ತುರಿಯಲು ಆಗಲಿಲ್ಲ. ನಿನ್ನ ಅಬ್ಬಾ ಒಂದು ಗುಟುಕು ಕುಡಿದು ಬಟ್ಟಲೊಳಗೆ ಇಣುಕಿದರು.

"ಏನ್ರೀ ಹುಡುಕ್ತಿದೀರಾ?"

"ತಿಪಟೂರು ಹುಡುಕ್ತಿದೀನಿ ಕಣೇ. ಕೊಬ್ಬರಿ ಇಲ್ದೆ ಇದು ಯಾವ ಊರಿನ ಖುರ್ಮಾ?"

ನಾನು ಅತ್ತುಬಿಟ್ಟೆ. ಹಬ್ಬದ ದಿನ, ಹೊಸ ಸೀರೆಯಲ್ಲಿ. ಆಗ ಅವರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇಷ್ಟಕ್ಕೆ ತಿಂಗಳಿಂದ ಒದ್ದಾಡ್ತಿದೀಯಾ? ಆ ಹುಡುಗನ ತಾಯಿಗೆ ಒಂದು ಮಾತು ಕೇಳಿಬಿಡೋದು ತಾನೇ. ಚೀಲ ಎಲ್ಲಿ ಅಂತ ಅವರಿಗೆ ಗೊತ್ತಿರಬಹುದು" ಎಂದರು. ಮಣ್ಣು ಹಾಕಿ ಬಂದ ತಾಯಿಯ ಮುಂದೆ ನಿಂತು, ನನ್ನ ಕೊಬ್ಬರಿ ಎಲ್ಲಿ ಅಂತ ಕೇಳುವುದೇ? ಈ ಗಂಡಸರಿಗೆ ಬೋಲ್ಟು ಬಿಚ್ಚಿದ ಹಾಗೆ ಎಲ್ಲ ಸಲೀಸು.

ನಿನ್ನ ಕಾಗದ ನಾನು ಎಷ್ಟೋ ಸಲ ಓದಿದೆ. ಬದನೆಕಾಯಿ ಇದೆ, ಪಾರಿವಾಳ ಇದೆ, ಬೆಕ್ಕು ಇದೆ, ಕೋಳಿಮರಿ ಇದೆ. ನೀನು ಯಾವ ಊರಿಗೆ ಹಾರಿದೆ, ಏನು ಒಯ್ದೆ, ಅದು ಒಂದು ಸಾಲೂ ಇಲ್ಲ. ಮುಂಚೆ ಫೋನು ಎತ್ತಿದರೆ ಅದೇ ಹೇಳುತ್ತಿದ್ದೆ, ನಾನು ಬೇಡ ಬೇಡ ಎಂದರೂ. ಅಡುಗೆ ಮಾಡುವುದಕ್ಕೆ ನಿನಗೆ ಯಾವಾಗಿನಿಂದ ಪುರುಸೊತ್ತು?

ನಾನು ಹೊಲಿಗೆಯವಳು. ಒಳಗೆ ಮಡಚಿ ಹೊಲಿದದ್ದು ಹೊರಗೆ ಕಾಣದಿದ್ದರೂ ಕೈಗೆ ಸಿಗುತ್ತದೆ.

ನೀನೇ ಅವರಿಗೆ ಕೇಳು. ನೀನು ಅವನ ಜೊತೆಯಲ್ಲಿ ಕಲಿತವಳು, ನಿನ್ನ ಬಾಯಲ್ಲಿ ಬಂದರೆ ಅವರಿಗೆ ನೋವಾಗಲಿಕ್ಕಿಲ್ಲ.

ಅಮ್ಮಿ

ತಾ.ಕ: ಪಾರಿವಾಳದ ಮೊಟ್ಟೆ ಮುಟ್ಟಬೇಡ, ತಾಯಿ ಬಿಟ್ಟು ಹೋಗುತ್ತದೆ. ಹೋಗುವುದಿಲ್ಲ ಅಂತಲೂ ಹೇಳುತ್ತಾರೆ. ಯಾವುದಕ್ಕೂ ಮುಟ್ಟಬೇಡ.

•

ಗುವಾಹಟಿ
26 ಏಪ್ರಿಲ್ 2024

ಅಮ್ಮೀ,

ನಿನ್ನಿಂದ ಏನೂ ಮುಚ್ಚಿಡಲಾಗುವುದಿಲ್ಲ. ಅವನು ಹೋದ ಮೇಲೆ ನಾನು ಒಂದು ಸಲವೂ ಹಾರಿಲ್ಲ. ರಜೆ ಹಾಕಿದೆ, ಆಮೇಲೆ ಇನ್ನಷ್ಟು ಹಾಕಿದೆ. ಒಂದು ದಿನ ವಿಮಾನದವರೆಗೂ ಹೋದೆ. ಲೋಡಿನ ಮೇಲೆ ಬಲೆ ಹಾಕಿ ಬಿಗಿದಿದ್ದರು. ಬಿಗಿ ನೋಡಲು ಕೈ ಹಾಕಿದವಳು ಹಾಗೇ ನಿಂತುಬಿಟ್ಟೆ. ಲೋಡರ್ ಬಂದು, ಮೇಡಂ ಆಯ್ತಾ, ಎಂದು ಕೇಳಿದ. ತಲೆನೋವು ಎಂದು ಹೇಳಿ ವಾಪಸು ಬಂದೆ.

ಕೊಬ್ಬರಿ ವಿಮಾನದಲ್ಲಿ ಒಯ್ಯಬಾರದು ಎನ್ನುವುದು ನನಗೆ ಗೊತ್ತಿತ್ತು. ಅಪಾಯದ ಸರಕುಗಳ ಪಾಠದಲ್ಲಿ ಅದರ ಹೆಸರು ಬಂದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿ ನಕ್ಕಿತ್ತು, ತಿಪಟೂರಿನವಳು ಅಂತ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಹೊರಡುವ ಎರಡು ದಿನ ಮುಂಚೆ ಅವನು ಚೀಲ ಎತ್ತಿ ತೋರಿಸಿ, "ಇದನ್ನ ಏನು ಮಾಡ್ಲೇ ಫರ್ಹಾ?" ಎಂದು ಕೇಳಿದ. "ಸೀಟಿನ ಹಿಂದೆ ತುರುಕು ಮಾರಾಯ, ಯಾರು ನೋಡ್ತಾರೆ. ನಿಮ್ಮಮ್ಮನಿಗೆ ನಮ್ಮಮ್ಮ ಕೊಟ್ಟಿದ್ದು, ಬಿಟ್ಟು ಹೋದ್ರೆ ನೋಡು" ಎಂದೆ ನಾನು. ಅವನು ನಕ್ಕ. ಸರಿ ಎಂದನೋ, ಬೇಡ ಎಂದನೋ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಎಷ್ಟು ಒದ್ದಾಡಿದರೂ ನಗು ಮಾತ್ರ ಬರುತ್ತದೆ.

ಒಂದು ಚೀಲದಿಂದ ಏನೂ ಆಗುವುದಿಲ್ಲ ಎಂದು ನಿನಗೆ ಬರೆದೆ. ಅದು ನಿಜವೇ. ಆದರೂ ನನಗೇ ಹೇಳಿಕೊಂಡರೆ ನಂಬಿಕೆ ಬರುತ್ತಿಲ್ಲ.

ಅವನ ತಾಯಿಗೆ ನಾನು ಕೇಳಲಾರೆ. ಅವರ ವಿಳಾಸ ಕೆಳಗೆ ಬರೆದಿದ್ದೇನೆ, ಯಾಕೆಂದು ನನಗೇ ಗೊತ್ತಿಲ್ಲ. ನೀನು ಆಸೆಪಟ್ಟ ಹಾಗೆ ಈ ಕೆಲಸ ಬಿಟ್ಟು ಊರಿಗೇ ಬಂದರೆ ಹೇಗೆ? ಅಬ್ಬಾ ವರ್ಕ್‌ಶಾಪಿನಲ್ಲಿ ಕೂತು ಬಿಲ್ಲು ಬರೆಯುತ್ತೇನೆ.

ಫರ್ಹಾ

ಗುಡ್ಡವ್ವ, ಅಂಗನವಾಡಿ ಹತ್ತಿರ, ರಾಣೆಬೆನ್ನೂರು.

•

ತಿಪಟೂರು
6 ಮೇ 2024

ಮಾಲತೇಶನ ತಾಯಿ ಗುಡ್ಡವ್ವ ಅವರಿಗೆ,

ನನ್ನ ಹೆಸರು ಫಾಮಿದಾ. ನಾನು ಫರ್ಹಾಳ ತಾಯಿ. ಫರ್ಹಾ ನಿಮ್ಮ ಮಗನ ಜೊತೆಗೆ ವಿಮಾನ ಕಲಿತವಳು. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಿಮ್ಮ ಕಡೆ ಬಿಸಿಲು ಹೇಗಿದೆ? ಇಲ್ಲಿ ವಿಪರೀತ.

ಇದು ನಾಲ್ಕನೆಯ ಕಾಗದ ಅಕ್ಕ. ಮೂರು ಹರಿದು ಹಾಕಿದೆ. ಒಂದರಲ್ಲಿ ಬರೀ ಬಿಸಿಲಿನ ವಿಷಯವೇ ಇತ್ತು.

ನಿಮ್ಮ ಮಗ ಜನವರಿಯಲ್ಲಿ ನಮ್ಮ ಮನೆಗೆ ಬಂದಿದ್ದ. ಬಿರಿಯಾನಿ ಮೂರು ಸಲ ಹಾಕಿಸಿಕೊಂಡ. ನನ್ನ ಹೊಲಿಗೆ ಮಿಷನ್ನಿನ ಮುಂದೆ ಕೂತು ತುಳಿದು ನೋಡಿದ, ದಾರ ಸುತ್ತಿಕೊಂಡು ಸಿಕ್ಕಾಯಿತು. "ಅಮ್ಮೀ, ವಿಮಾನನೇ ಸಸಾರ ಬಿಡ್ರಿ" ಎಂದ. ಹೋಗುವಾಗ ಬಾಗಿಲಲ್ಲಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ, ನಾನು ಹಿಂದೆ ಸರಿದೆ. ಸರಿಯಬಾರದಿತ್ತು ಅಂತ ಈಗ ಅನಿಸುತ್ತದೆ.

ಅವತ್ತು ನಿಮಗೆ ಅಂತ ಅವನ ಕೈಯಲ್ಲಿ ಒಂದು ಚೀಲ ಕೊಬ್ಬರಿ ಕೊಟ್ಟೆ. ನೀಲಿ ಬಿಳಿ ಚೌಕಳಿ ಚೀಲ. ವಿಮಾನದಲ್ಲಿ ಕೊಬ್ಬರಿ ಇಡಬಾರದಂತೆ, ಬೆಂಕಿ ಹಿಡಿಯುತ್ತದಂತೆ. ನನಗೆ ಗೊತ್ತಿರಲಿಲ್ಲ. ಇದನ್ನು ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ. ಆ ಚೀಲ ಅವನ ಜೊತೆ ವಿಮಾನದಲ್ಲಿತ್ತೇ? ನಿಮಗೆ ಏನಾದರೂ ಹೇಳಿದ್ದನೇ?

ಇತ್ತು ಅಂದರೆ ಹಾಗೇ ಬರೆಯಿರಿ. ಬೈದು ಬರೆದರೂ ಆಗಬಹುದು. ನನ್ನ ಮಗಳಿಗೂ ಇದೇ ಹುಳ ಹೊಕ್ಕಿದೆ. ಅವಳು ಹಾರುವುದನ್ನೇ ಬಿಟ್ಟಿದ್ದಾಳೆ. ಈ ಕೆಲಸ ಬಿಡಲಿ ಅಂತ ನಾನು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಂಡವಳು. ಈಗ ಬಿಡುತ್ತೇನೆ, ಅಬ್ಬಾ ವರ್ಕ್‌ಶಾಪಿನಲ್ಲಿ ಕೂತು ಬಿಲ್ಲು ಬರೆಯುತ್ತೇನೆ ಎನ್ನುತ್ತಾಳೆ, ನನಗೆ ಅನ್ನ ಇಳಿಯುತ್ತಿಲ್ಲ. ವಿಚಿತ್ರ ಅಲ್ಲವೇ ಅಕ್ಕ. ಹಾರಿದರೆ ಚಿಂತೆ, ಕೂತರೆ ಅದಕ್ಕಿಂತ ಚಿಂತೆ.

ನಿಮ್ಮ ದುಃಖದ ಮುಂದೆ ನನ್ನದು ಏನೂ ಅಲ್ಲ. ಕ್ಷಮಿಸಿ.

ಇಂತಿ,
ಫಾಮಿದಾ

•

ರಾಣೆಬೆನ್ನೂರು
21 ಮೇ 2024

ಫಾಮಿದಾ ಅಕ್ಕಾರಿಗೆ ಗುಡ್ಡವ್ವನ ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ಓಣಿಯ ನಾಲ್ಕು ಮಂದಿಯನ್ನು ಕರೆದು ಓದಿ ಹೇಳಿದೆ. ಸಿಟ್ಟಾಗಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಚೀಲ ವಿಮಾನದಲ್ಲಿ ಇರಲಿಲ್ಲ. ನಮ್ಮ ಅಡುಗೆ ಮನೆಯ ಗೂಟಕ್ಕೆ ನೇತಾಡುತ್ತಿದೆ, ಇಲ್ಲಿಂದಲೇ ಕಾಣುತ್ತಿದೆ.

ಹೊರಡುವ ಹಿಂದಿನ ದಿನ ಮಾಲತೇಶ ಫೋನ್ ಮಾಡಿದ್ದ. "ಯವ್ವಾ, ಕೊಬ್ಬರಿ ಲಾರಿಯಾಗ ಹಾಕೀನಿ. ನಾ ಮೊದಲ ಬರ್ತೀನಿ, ಅದು ಹಿಂದಿಂದ ಬರತೈತಿ" ಎಂದ.

"ಪೈಲಟ್ ಆಗಿ ಲಾರಿಯಾಗ ಕಳಸ್ತೀ ಏನಲೇ? ನಿನ್ನ ಇಮಾನದಾಗ ಒಂದು ಚೀಲಕ್ಕ ಜಾಗ ಇಲ್ಲೇನು?" ಎಂದೆ.

"ಜಾಗ ಐತಿ. ಕೊಬ್ಬರಿಗೆ ಪರವಾನಿಗಿ ಇಲ್ಲ ಬೇ. ಫರ್ಹಾ ಸೀಟಿನ ಹಿಂದ ಒಗಿ ಅಂತಾಳ. ಆಕೀ ಮಾತು ಕೇಳಿದ್ರ ನನ್ನ ತಲಿ ಮ್ಯಾಗೂ ಒಂದು ಮೂಟಿ ಹೊರಸ್ತಾಳ" ಎಂದು ನಕ್ಕ. ಅವನು ಹೇಳಿದ್ದರಲ್ಲಿ, ನಾ ಮೊದಲು, ಕೊಬ್ಬರಿ ಹಿಂದಿನಿಂದ ಎಂದದ್ದೊಂದೇ ತಿರುಗಾಮುರುಗಾ ಆಯಿತು ಅಕ್ಕಾರ. ದಿನಕರ್ಮ ಎಲ್ಲ ಮುಗಿದ ಮೇಲೆ ಲಾರಿಯವನು ಬಂದು ಬಾಗಿಲು ಬಡಿದ. ಕೊಬ್ಬರಿ ಬಂತು.

ಯಾರು ಕೊಟ್ಟದ್ದು, ಯಾವ ಊರು ಎಂದು ಸರಿಯಾಗಿ ಗೊತ್ತಿರಲಿಲ್ಲ. ಫರ್ಹಾಳ ನಂಬರು ಅವನ ಫೋನಿನೊಳಗೇ ಹೋಯಿತು. ಒಂದು ತಿಂಗಳವರೆಗೆ ಚೀಲ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದೆ. ಕಡಿದು ನೋಡಿದೆ. ಇಷ್ಟು ಸಿಹಿ ಕೊಬ್ಬರಿ ನಾನು ತಿಂದಿರಲಿಲ್ಲ. ಕುಟ್ಟಿ ಬೆಲ್ಲ ಕೂಡಿಸಿ ಅಂಗನವಾಡಿ ಮಕ್ಕಳಿಗೆ ಉಂಡೆ ಮಾಡಿ ಕೊಟ್ಟೆ. ಮಕ್ಕಳು ದಿನಾ ಕೇಳುತ್ತವೆ, ಇಮಾನದ ಮಾಮಾನ ಉಂಡೆ ಎಲ್ಲಿ ಅಂತ.

ಇನ್ನು ಓಣಿಯವರ ಮಾತು. ಅವನು ಹೋದಾಗಿನಿಂದ ಒಬ್ಬೊಬ್ಬರು ಒಂದೊಂದು ಅಂದರು. ಹುಡುಗ ಊರಿಗೆ ಬರುವ ಅವಸರದಲ್ಲಿ ಏನೋ ನೋಡದೆ ಹಾರಿಸಿರಬೇಕು ಎಂದರು. ಎದುರಿಗೇ ಅಂದರು. ನನಗೆ ಉತ್ತರ ಕೊಡಲು ಬರಲಿಲ್ಲ, ವಿಮಾನದ ವಿದ್ಯೆ ನನಗೇನು ಗೊತ್ತು. ಕೊಬ್ಬರಿಯ ಪರವಾನಿಗಿ ಮಾತನ್ನು ನಾನು ಚೇಷ್ಟೆ ಅಂದುಕೊಂಡಿದ್ದೆ. ನಿಮ್ಮ ಕಾಗದ ಬಂದ ಮೇಲೆ ತಿಳಿಯಿತು, ಅದು ಖರೇನೇ ನಿಯಮ. ಅದಕ್ಕೇ ಅವರನ್ನು ಕರೆದು ಓದಿದೆ. "ಕೇಳ್ರಿ. ತಾಯಿಗೆ ಕೊಟ್ಟ ಒಂದು ಚೀಲ ಕೊಬ್ಬರಿ ಸೈತ ನಿಯಮ ಮೀರಿ ಹತ್ತಿಸಲಿಲ್ಲ ನನ್ನ ಮಗ. ಅವಾ ಅವಸರದಾಂವ ಅಲ್ಲ" ಎಂದೆ. ನೀವು ಕೇಳಲು ಹೆದರಿದಿರಿ. ನೀವು ಕೇಳದಿದ್ದರೆ ನನಗೆ ಈ ಮಾತು ಎಲ್ಲಿಂದ ಸಿಗುತ್ತಿತ್ತು?

ಫರ್ಹಾಗೆ ಹೇಳಿ, ಬಿಲ್ಲು ಗಿಲ್ಲು ಬರೆಯುವುದು ಬೇಡ. ಆಕೆ ವಿಮಾನ ಹಾರಿಸುವುದನ್ನು ಅವನು ನನ್ನ ಮುಂದೆ ಹೊಗಳುತ್ತಿದ್ದ, ಆಕೆಯ ಮುಂದೆ ಎಂದೂ ಅನ್ನುತ್ತಿರಲಿಲ್ಲವಂತೆ, ತಲೆ ತಿರುಗೀತು ಅಂತ. ಆಕೆ ಮತ್ತೆ ಹಾರುವ ದಿನ ಯಾವುದು ಎಂದು ನನಗೆ ತಿಳಿಸಿ. ಅವತ್ತು ನೀವು ಒಬ್ಬರೇ ಕೂಡಬೇಡಿ. ನಾನು ಬರುತ್ತೇನೆ. ಜೊತೆಗೆ ಕೂಡೋಣ.

ಇಂತಿ ನಿಮ್ಮ ತಂಗಿ,
ಗುಡ್ಡವ್ವ

•

ತಿಪಟೂರು
9 ಜೂನ್ 2024

ಪ್ರೀತಿಯ ಫರ್ಹಾ,

ಗುಡ್ಡವ್ವನ ಕಾಗದದ ಫೋಟೋ ಕಳಿಸಿದ ದಿನ ನೀನು ಫೋನು ಮಾಡಿ ಅತ್ತೆಯಲ್ಲ, ಅಷ್ಟು ಹೊತ್ತು ಸಿಗ್ನಲ್ ಹೋಗಲೇ ಇಲ್ಲ. ನಡುವೆ "ತಲೆ ಮೇಲೆ ಮೂಟೆ ಹೊರಿಸ್ತಾಳಂತೆ, ಕತ್ತೆ" ಎಂದು ಅವನನ್ನು ಬೈದದ್ದೂ ಕೇಳಿಸಿತು. ಆಗಲೇ ನನಗೆ ಅರ್ಧ ಜೀವ ಬಂತು.

ಇನ್ನರ್ಧ ನಿನ್ನೆ ಬಂತು, ಸಿಮ್ಯುಲೇಟರ್ ಪರೀಕ್ಷೆ ಪಾಸಾದೆ, ಬಕ್ರೀದ್ ಮುಗಿದ ಮೇಲಿನ ಶುಕ್ರವಾರ ಹಾರುತ್ತೇನೆ ಎಂದಾಗ. ಬಂದ ಜೀವ ಆ ಶುಕ್ರವಾರವನ್ನು ನೆನೆದು ಮತ್ತೆ ಹೊರಟಿತು, ಅದು ಬೇರೆ ಮಾತು. ಏನು ಒಯ್ಯುತ್ತೀಯ ಎಂದರೆ ಪೌಡರ್ ಹಾಲು ಮತ್ತು ಸ್ಕೂಲ್ ಪುಸ್ತಕ ಎಂದೆ. ಪುಸ್ತಕ ಪರವಾಗಿಲ್ಲ. ಪೌಡರ್ ಹಾಲು ಹತ್ತಿಕೊಳ್ಳುತ್ತದೆಯೇ ಎಂದು ಸಿದ್ದಕ್ಕನನ್ನು ಕೇಳಿದೆ. "ನನ್ನ ಕೇಳ್ಬ್ಯಾಡ ಕಣವ್ವ, ಹಿಂದಿನ ಸಲ ಒಂದು ಮಾತು ಅಂದಿದ್ದಕ್ಕೆ ಮೂರು ತಿಂಗಳು ಟೀಗೆ ಸಕ್ಕರೆ ಹಾಕ್ಲಿಲ್ಲ ನೀನು" ಎಂದಳು. ಹಾಕದೇ ಇದ್ದದ್ದು ನನಗೆ ಗೊತ್ತೇ ಇಲ್ಲ.

ಗುಡ್ಡವ್ವ ಗುರುವಾರವೇ ಬಂದು ಇಳಿಯುತ್ತಾರೆ. ನಮ್ಮ ಮಿಷನ್ನಿನ ಪಕ್ಕ ಅವರಿಗೆ ಹಾಸಿಗೆ ಹಾಕುತ್ತೇನೆ. ಶುಕ್ರವಾರ ನೀನು ಇಳಿದೆ ಅಂತ ಮೆಸೇಜು ಬರುವವರೆಗೆ ಇಬ್ಬರೂ ಕೂತು ಯಾರು ಹೆಚ್ಚು ಚಿಂತೆ ಮಾಡುತ್ತಾರೋ ನೋಡೋಣ ಎಂದಿದ್ದಾರೆ. ಪಾಪ, ಅವರಿಗೆ ನನ್ನ ಪರಿಚಯ ಸಾಲದು. ನಿನ್ನ ಅಬ್ಬಾ, "ಅವತ್ತು ನಾನು ವರ್ಕ್‌ಶಾಪಿನಲ್ಲೇ ಊಟ ಮಾಡ್ತೀನಿ" ಎನ್ನುತ್ತಾರೆ. ಹೇಳುವುದು ಹಾಗೆ, ನಿನ್ನೆ ಫೋನಿಗೆ ಹೊಸ ಚಾರ್ಜರ್ ತಂದಿಟ್ಟರು.

ಅಂಗನವಾಡಿ ಮಕ್ಕಳಿಗೆ ಕಳಿಸಲು ಕೊಬ್ಬರಿ ಆರಿಸಿ ಇಟ್ಟಿದ್ದೇನೆ. ಅವರು ರೈಲಿನಲ್ಲೇ ಒಯ್ಯುತ್ತಾರೆ. ರೈಲಿಗೆ ಆಗುತ್ತದೆ ತಾನೇ?

ಮಗಳೇ, ನಿಧಾನವಾಗಿ ಹಾರು. ನಿಧಾನ ಹಾರಿದರೆ ಬೀಳುತ್ತದೆ ಎಂದು ನೀನು ಹಿಂದೆ ಹೇಳಿದ್ದು ನೆನಪಿದೆ. ಹಾಗಾದರೆ ಎಷ್ಟು ಬೇಕೋ ಅಷ್ಟೇ ಹಾರು.

ನಿನ್ನ ಅಮ್ಮಿ,
ಫಾಮಿದಾ

ತಾ.ಕ: ಗುಡ್ಡವ್ವ ಹತ್ತುವ ರೈಲು ತಿಪಟೂರಿನಲ್ಲಿ ನಿಲ್ಲುತ್ತದೆ ಎಂದು ನೀನು ಹೇಳಿದೆ, ನಿನ್ನ ಅಬ್ಬಾನೂ ಹೇಳಿದರು. ಆದರೆ ಎಲ್ಲ ಎಕ್ಸ್‌ಪ್ರೆಸ್ಸೂ ಇಲ್ಲಿ ನಿಲ್ಲುವುದಿಲ್ಲ. ಅರಸೀಕೆರೆ ಬಿಟ್ಟರೆ ತುಮಕೂರಿಗೇ ಹೋಗಿ ನಿಲ್ಲುವವೂ ಇವೆ. ಅವರು ಒಬ್ಬರೇ ಬರುತ್ತಿದ್ದಾರೆ, ನಾನು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುತ್ತೇನೆ, ಅವರು ಕಿಟಕಿಯಲ್ಲಿ ಕೈ ಬೀಸುತ್ತಾ ಮುಂದೆ ಹೋಗಿಬಿಡಬಾರದು. ಗುರುವಾರದ ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತದೆಯೇ, ಇನ್ನೊಂದು ಸಲ ನೋಡಿ ಹೇಳು.